ಕಡ್ಡಾಯದ ಕವಾಯತು
(ಕದ್ರಿಯ ಪೋಷಕರ ಸಭೆಯಲ್ಲಿ ಆಡಿದ ಮಾತು)



ನಾವು ಕದ್ರಿಯವರು ಕವಾಯತಿಗೆ ವಿರೋಧಿಗಳಲ್ಲ. ಮಕ್ಕಳ ಮೈ ಗಟ್ಟಿಯಾಗಲಿ. ಆದರೆ ಶಾಲೆ ಬಿಟ್ಟ ಮೇಲೆ ವಾರಕ್ಕೆರಡು ದಿನ ಎಲ್ಲರೂ ನಿಲ್ಲಲೇಬೇಕು, ಬೂಟು ಬಟ್ಟೆ ಪೋಷಕರೇ ಕೊಳ್ಳಬೇಕು, ತಪ್ಪಿದರೆ ದಂಡ! ಈ ನಿಯಮ ಯಾರಿಗಾಗಿ? ಸಂಜೆ ತಂದೆಯ ಅಂಗಡಿಯಲ್ಲಿ ಕೂರುವ ಹುಡುಗ ನಮ್ಮಲ್ಲಿದ್ದಾನೆ. ತಾಯಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸುವ ಹುಡುಗಿಯಿದ್ದಾಳೆ. ಇವರೇನು ಸೋಮಾರಿಗಳೇ?

ಬಿಟ್ಟರೆ ಶಿಸ್ತು ಕೆಡುತ್ತದೆ ಎನ್ನುತ್ತಾರೆ ಆಡಳಿತದವರು. ಅವರಿಗೆ ಹಳೆಯದೊಂದು ಸಂಗತಿ ನೆನಪಿಸೋಣ. 1962ರಲ್ಲಿ ಚೀನದೊಡನೆ ಯುದ್ಧವಾಯಿತು. 1963ರಲ್ಲಿ ಕಾಲೇಜುಗಳಲ್ಲಿ ಎನ್.ಸಿ.ಸಿ. ಕಡ್ಡಾಯವಾಯಿತು. ಗಡಿಯ ಭಯ ಇನ್ನೂ ಆರಿರಲಿಲ್ಲ. ಆದರೂ 1968ರಲ್ಲಿ ಸರ್ಕಾರವೇ ಕಡ್ಡಾಯವನ್ನು ಕೈಬಿಟ್ಟಿತು. ಮರುವರ್ಷ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಕವಾಯತು ಒಲ್ಲದವನಿಗೆ ಬೇರೊಂದು ದಾರಿಯಾಯಿತು. ಎನ್.ಸಿ.ಸಿ. ಮುಳುಗಿತೇ? ಇಂದಿಗೂ ಮಕ್ಕಳು ತಾವಾಗಿ ಸೇರುತ್ತಿದ್ದಾರೆ.

ಯುದ್ಧ ಕಂಡ ಸರ್ಕಾರ ಬಿಟ್ಟದ್ದನ್ನು ಒಂದು ಶಾಲೆ ಬಿಡಲಾರದೇ?

ಆಡಳಿತ ಮಂಡಳಿಯ ಮುಂದೆ ಬೈಗುಳ ಬೇಡ, ಅಲ್ಲಿಯೂ ಮಕ್ಕಳಿರುವ ತಂದೆಯರಿದ್ದಾರೆ. ಶಾಲೆಯ ವೇಳೆಯೊಳಗೆ ನಡೆಸಿ, ಇಲ್ಲವೇ ಒಲ್ಲದವರನ್ನು ಬಿಡಿ ಎಂದು ಕೇಳೋಣ. ದಂಡವಂತೂ ಇಂದೇ ನಿಲ್ಲಬೇಕು. ಮನವಿ ಇಲ್ಲಿಯೇ ಮೇಜಿನ ಮೇಲಿದೆ. ರಾತ್ರಿ ಪಾಳಿಯವರು ಮೊದಲು ಸಹಿ ಮಾಡಿ ಹೊರಡಿರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ.