ಎರಡು ಸಾಲಿನ ಮುನ್ಸೂಚನೆ
(ಉಪನ್ಯಾಸದ ಬರಹ ರೂಪ)



ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಹವಾ ಮುನ್ಸೂಚನೆಯನ್ನು ಕೆಲವು ದಿನ ಕೇಳಿದರೆ ಒಂದು ಧಾಟಿಯ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಆಗ್ನೇಯ ಭಾಗದಲ್ಲಿ ಹಗಲು ಬಿಸಿಲು, ನಡುನಡುವೆ ಬಂದು ಹೋಗುವ ಮಳೆ. ರಾತ್ರಿ ಆಕಾಶ ತಿಳಿಯಾಗಿ ಅಲ್ಲಲ್ಲಿ ಫ್ರಾಸ್ಟ್. ಇಷ್ಟೇ, ಎರಡು ಸಾಲು. ಲಂಡನ್ನಿನ ಗುಮಾಸ್ತ ಇದನ್ನು ಕೇಳಿ ಕೊಡೆ ಒಯ್ಯಬೇಕೇ ಬೇಡವೇ ಎಂದು ಯೋಚಿಸುತ್ತಾನೆ. ಅಲ್ಲಿಂದ ಸ್ವಲ್ಪ ದೂರದ ಕೆಂಟ್ ಪ್ರಾಂತದಲ್ಲಿ ಸೇಬು, ಚೆರಿ ತೋಟ ಮಾಡಿದವನಿಗೆ ಮಾತ್ರ ಅಂದು ರಾತ್ರಿ ನಿದ್ರೆಯಿಲ್ಲ. ಈ ಎರಡು ಸಾಲುಗಳ ಹಿಂದೆ ಏನಿದೆ, ಅವು ನಮ್ಮನ್ನು ತಲುಪುವ ಮುನ್ನ ಎಂಥ ದಾರಿ ಸವೆಸಿದವು ಎಂಬುದನ್ನು ತಮ್ಮ ಮುಂದೆ ಇಡುವುದು ನನ್ನ ಉದ್ದೇಶ.

ಮೊದಲು ಈ ‘ಫ್ರಾಸ್ಟ್’ ಎಂಬ ಪದ. ನಮ್ಮಲ್ಲಿ ಇಬ್ಬನಿ ಇದೆ, ಮಂಜು ಇದೆ, ಹಿಮವೂ ಇದೆ. ಆದರೆ ಇದು ಆ ಮೂರೂ ಅಲ್ಲ. ಹಿಮದಂತೆ ಇದು ಮೇಲಿನಿಂದ ಬೀಳುವುದಿಲ್ಲ. ನೆಲ, ಹುಲ್ಲು, ಎಲೆ ಸೊನ್ನೆ ಡಿಗ್ರಿಗಿಂತ ತಣ್ಣಗಾದಾಗ ಗಾಳಿಯಲ್ಲಿರುವ ನೀರಾವಿ ಅವುಗಳ ಮೇಲೆಯೇ ಬಿಳಿಯ ಹರಳುಗಳಾಗಿ ಕೂರುತ್ತದೆ. ಬಯಲುಸೀಮೆಯ ನಾವು ಇದನ್ನು ಕಂಡವರಲ್ಲ. ಹೀಗಾಗಿ ಇಂಗ್ಲಿಷಿನ ಪದವನ್ನೇ ಇಟ್ಟುಕೊಳ್ಳುತ್ತೇನೆ.

ಮಳೆ ಮತ್ತು ಫ್ರಾಸ್ಟ್ ಒಂದೇ ದಿನದ ಮುನ್ಸೂಚನೆಯಲ್ಲಿ ಜೊತೆಯಾಗುವುದು ಹೇಗೆ? ಎರಡಕ್ಕೂ ಕಾರಣ ಒಂದೇ. ವಸಂತದಲ್ಲಿ ಉತ್ತರ ಧ್ರುವದ ಕಡೆಯಿಂದ ತಣ್ಣನೆಯ ಗಾಳಿ ಬ್ರಿಟನ್ನಿನ ಮೇಲೆ ಹಾಯುತ್ತದೆ. ಆ ವೇಳೆಗೆ ಸೂರ್ಯ ಸಾಕಷ್ಟು ಮೇಲೇರಿರುತ್ತಾನೆ, ನೆಲ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿ, ಎತ್ತರದ ಚಳಿಯಲ್ಲಿ ಮೋಡವಾಗಿ ಒಂದು ಮಳೆ ಹೊಡೆದು ಹೋಗುತ್ತದೆ. ಇದು ಜಡಿಮಳೆಯಲ್ಲ, ಒಂದು ಊರಿಗೆ ಬಿದ್ದರೆ ಪಕ್ಕದ ಊರು ಒಣಗಿಯೇ ಇರುತ್ತದೆ. ಸಂಜೆ ಬಿಸಿಲಿಳಿದಂತೆ ಈ ಮೋಡಗಳಿಗೆ ಆಧಾರ ತಪ್ಪಿ ಅವು ಕರಗುತ್ತವೆ. ಆಕಾಶ ತೆರೆದುಕೊಳ್ಳುತ್ತದೆ, ಗಾಳಿ ನಿಲ್ಲುತ್ತದೆ. ಮೋಡವೆಂಬ ಕಂಬಳಿ ಇಲ್ಲದ್ದರಿಂದ ನೆಲದ ಶಾಖವೆಲ್ಲ ಬಾನಿಗೆ ಹೊರಟುಹೋಗುತ್ತದೆ. ಬೆಳಗಿನ ಜಾವಕ್ಕೆ ಹುಲ್ಲು ಬೆಳ್ಳಗಾಗಿರುತ್ತದೆ.

ಇಂದು ಶಾಲೆಯ ಮಕ್ಕಳಿಗೂ ಹೇಳಬಹುದಾದ ಈ ವಿಷಯ ಇನ್ನೂರು ವರ್ಷಗಳ ಹಿಂದೆ ಪಂಡಿತರಿಗೂ ತೊಡಕಾಗಿತ್ತು. ಫ್ರಾನ್ಸಿನ ತೋಟಗಾರರು ಏಪ್ರಿಲ್–ಮೇ ತಿಂಗಳ ಚಂದ್ರನಿಗೆ ‘ಕೆಂಚು ಚಂದ್ರ’ ಎಂದು ಹೆಸರಿಟ್ಟಿದ್ದರು. ಅವನ ಬೆಳಕು ಬಿದ್ದ ರಾತ್ರಿ ಎಳೆಯ ಚಿಗುರು ಸುಟ್ಟಂತೆ ಕೆಂಪಾಗುತ್ತದೆ, ಮೋಡ ಮುಸುಕಿದ ರಾತ್ರಿ ಏನೂ ಆಗುವುದಿಲ್ಲ ಎಂಬುದು ಅವರ ಅನುಭವ. ದೊರೆ 18ನೆಯ ಲೂಯಿ ಒಮ್ಮೆ ಇದರ ಮರ್ಮವೇನೆಂದು ಮಹಾಗಣಿತಜ್ಞ ಲಾಪ್ಲಾಸನನ್ನು ಕೇಳಿದನಂತೆ. ಉತ್ತರ ತೋಚದೆ ಲಾಪ್ಲಾಸ್ ಖಗೋಳವಿಜ್ಞಾನಿ ಅರಾಗೊನನ್ನು ವಿಚಾರಿಸಿದನಂತೆ. ಇದನ್ನು ಅರಾಗೊ ತಾನೇ ಬರೆದಿಟ್ಟಿದ್ದಾನೆ. ಅವನು ಕೊಟ್ಟ ಉತ್ತರ ಸರಳವಾದದ್ದು: ಚಂದ್ರ ತಪ್ಪಿತಸ್ಥನಲ್ಲ, ಬರೀ ಸಾಕ್ಷಿ. ಚಂದ್ರ ಕಾಣಬೇಕಾದರೆ ಆಕಾಶ ತಿಳಿಯಾಗಿರಬೇಕು. ಆಕಾಶ ತಿಳಿಯಾದರೆ ಚಿಗುರಿನ ಶಾಖ ಸೋರಿ ಹೋಗುತ್ತದೆ. ಗಾಳಿಯಲ್ಲಿಟ್ಟ ಉಷ್ಣಮಾಪಕ ಸೊನ್ನೆಗಿಂತ ಮೇಲೆ ತೋರಿಸುವಾಗಲೂ ಎಲೆ ಅದಕ್ಕಿಂತ ಕೆಲವು ಡಿಗ್ರಿ ತಣ್ಣಗಾಗಿ ಹೆಪ್ಪುಗಟ್ಟಬಲ್ಲದು. ತೋಟಗಾರರು ಕಂಡದ್ದು ನಿಜ, ಕೊಟ್ಟ ಕಾರಣ ಮಾತ್ರ ತಪ್ಪು.

ಅರಾಗೊನಿಗೆ ಈ ಬೆಳಕು ಸಿಕ್ಕಿದ್ದು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಇಬ್ಬನಿಯನ್ನು ಕುರಿತು ಬರೆದ ಪ್ರಬಂಧದಿಂದ. ರಾತ್ರಿಯ ಹೊತ್ತು ತೋಟದಲ್ಲಿ ಉಣ್ಣೆಯ ತುಣುಕುಗಳನ್ನು ಹರಡಿ, ಬಯಲಿನಲ್ಲಿಟ್ಟದ್ದಕ್ಕೆ ಎಷ್ಟು ಇಬ್ಬನಿ, ಹಲಗೆಯ ಮರೆಯಲ್ಲಿಟ್ಟದ್ದಕ್ಕೆ ಎಷ್ಟು ಎಂದು ತೂಗಿ ನೋಡಿದವನು ಈತ. ಅವನ ವಾದದಲ್ಲಿ ನಮ್ಮ ದೇಶವೂ ಬರುತ್ತದೆ. ಅಲಹಾಬಾದಿನಲ್ಲಿ ಜನರು ಚಳಿಗಾಲದ ತಿಳಿರಾತ್ರಿಗಳಲ್ಲಿ ಮಂಜುಗಡ್ಡೆ ಮಾಡುತ್ತಿದ್ದ ಕ್ರಮವನ್ನು ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ಬಣ್ಣಿಸಿದ್ದ. ಆಳವಲ್ಲದ ಗುಂಡಿ ತೋಡಿ, ಒಣಗಿದ ದಂಟು ಹಾಸಿ, ಅದರ ಮೇಲೆ ಮಣ್ಣಿನ ಚಪ್ಪಟೆ ತಟ್ಟೆಗಳಲ್ಲಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಗಡ್ಡೆಕಟ್ಟಿರುತ್ತಿತ್ತು. ಬಂಗಾಳದಲ್ಲೂ ಇದೇ ಬಗೆಯಲ್ಲಿ ಮಂಜುಗಡ್ಡೆ ತೆಗೆಯುತ್ತಿದ್ದುದನ್ನು ವೆಲ್ಸ್ ಚರ್ಚಿಸುತ್ತಾನೆ. ಯುರೋಪಿನಲ್ಲಿ ಶತ್ರುವಾಗಿದ್ದ ತಿಳಿ ಆಕಾಶವನ್ನು ಇಲ್ಲಿನ ಜನ ಆಳಿನಂತೆ ದುಡಿಸಿಕೊಂಡಿದ್ದರು!

ಈಗ ಕೆಂಟಿನ ತೋಟಕ್ಕೆ ಮರಳೋಣ. ಸೇಬಿನ ಮರ ಚಳಿಗಾಲದ ನಿದ್ರೆಯಲ್ಲಿರುವಾಗ ಎಂಥ ಚಳಿಯನ್ನೂ ತಾಳಿಕೊಳ್ಳುತ್ತದೆ. ಆದರೆ ಹೂ ಪೂರ್ತಿ ಅರಳಿದಾಗ ಸೊನ್ನೆಯಿಂದ ಎರಡು ಡಿಗ್ರಿ ಕೆಳಗಿಳಿದರೆ ಹಾನಿ ಶುರುವಾಗುತ್ತದೆ. ನಾಲ್ಕು ಡಿಗ್ರಿ ಇಳಿದರೆ ಬಹುಪಾಲು ಹೂ ಸತ್ತಂತೆ. ಒಂದು ರಾತ್ರಿಯ ಎರಡು ಮೂರು ಗಂಟೆಗಳಲ್ಲಿ ವರ್ಷದ ದುಡಿಮೆ ಹೋಗಿಬಿಡಬಹುದು. ಮುನ್ಸೂಚನೆ ಸಕಾಲಕ್ಕೆ ಬಂದರೆ ಮಾಡುವುದಕ್ಕೆ ಕೆಲಸವುಂಟು. ಸಾಲುಗಳ ನಡುವೆ ದಪ್ಪ ಮೇಣದ ಡಬ್ಬಿಗಳನ್ನು ಉರಿಸುತ್ತಾರೆ. ದೊಡ್ಡ ಫ್ಯಾನುಗಳಿಂದ ಮೇಲಿನ ಬೆಚ್ಚಗಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತಾರೆ. ಕೆಲವರು ರಾತ್ರಿಯಿಡೀ ಹೂವಿನ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖವೇ ಮಂಜಿನ ಕವಚದೊಳಗಿನ ಹೂವನ್ನು ಉಳಿಸುತ್ತದೆ. ಆದರೆ ನಡುವೆ ನೀರು ನಿಂತರೆ ಕೆಟ್ಟಿತು, ಹಾನಿ ಇಮ್ಮಡಿಯಾದೀತು. ಮೇಣ, ಎಣ್ಣೆ, ನೀರು ಎಲ್ಲಕ್ಕೂ ದುಡ್ಡು ಬೇಕು. ಫ್ರಾಸ್ಟ್ ಬಾರದ ರಾತ್ರಿ ಉರಿಸಿದರೆ ನಷ್ಟ, ಬಂದ ರಾತ್ರಿ ಮಲಗಿದರೆ ಸರ್ವನಾಶ.

ಆದ್ದರಿಂದಲೇ ‘ಅಲ್ಲಲ್ಲಿ’ ಎಂಬ ಸಣ್ಣ ಪದಕ್ಕೆ ಅಷ್ಟು ಬೆಲೆ. ತಣ್ಣನೆಯ ಗಾಳಿ ಭಾರ. ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದಿಬ್ಬದ ಮೇಲಿನ ತೋಟ ಉಳಿದು ಕೆಳಗಿನದು ಹಾಳಾಗುವುದು ಹೀಗೆ. ಲಂಡನ್ನಿಗೆ ಸಮೀಪದ ರಿಕ್‌ಮನ್ಸ್‌ವರ್ತ್ ಬಳಿಯ ಕಣಿವೆಯೊಂದರಲ್ಲಿ 1936ರ ಆಗಸ್ಟ್ 29ರಂದು, ಬೇಸಗೆಯ ದಿನವೇ, ಬೆಳಗಿನ ಜಾವ 1.1 ಡಿಗ್ರಿ ಇದ್ದ ಉಷ್ಣತೆ ಮಧ್ಯಾಹ್ನಕ್ಕೆ 29.4ಕ್ಕೆ ಏರಿತು. ಇಡೀ ದೇಶಕ್ಕೆ ಒಂದೇ ಮುನ್ಸೂಚನೆ ಕೊಟ್ಟರೆ ಇಂಥ ಕಣಿವೆಯ ರೈತನಿಗೆ ಅದರಿಂದೇನು ಪ್ರಯೋಜನ?

ಈ ಮಾತುಗಳನ್ನು ಸಾರ್ವಜನಿಕರಿಗೆ ಮುಂಚಿತವಾಗಿ ಹೇಳಬಹುದೆಂದು ಧೈರ್ಯ ಮಾಡಿದವನು ರಾಬರ್ಟ್ ಫಿಟ್ಸ್‌ರಾಯ್. ಡಾರ್ವಿನನನ್ನು ಕರೆದೊಯ್ದ ‘ಬೀಗಲ್’ ಹಡಗಿನ ಕಪ್ತಾನನೇ ಈತ. 1854ರಲ್ಲಿ ಬ್ರಿಟಿಷ್ ಸರ್ಕಾರ ಆರಂಭಿಸಿದ ಹವಾಮಾನ ಇಲಾಖೆಗೆ ಮುಖ್ಯಸ್ಥನಾದ. ಅವನ ಕೆಲಸ ಅಂಕಿಅಂಶ ಕೂಡಿಸುವುದಷ್ಟೇ ಆಗಿತ್ತು. 1859ರ ಅಕ್ಟೋಬರಿನ ಬಿರುಗಾಳಿಯಲ್ಲಿ ‘ರಾಯಲ್ ಚಾರ್ಟರ್’ ಹಡಗು ವೇಲ್ಸ್ ದಡದಲ್ಲಿ ಒಡೆದು ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ಟೆಲಿಗ್ರಾಫ್ ಇರುವಾಗ ಇಷ್ಟು ಜೀವಹಾನಿ ಏಕೆ ಎಂದು ಅವನು ಕೇಳಿದ. 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸತೊಡಗಿದ. ಅದೇ ಆಗಸ್ಟ್ 1ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಮೊದಲ ಸಾರ್ವಜನಿಕ ಮುನ್ಸೂಚನೆ ಅಚ್ಚಾಯಿತು. ಇದು ಭವಿಷ್ಯವಾಣಿಯಲ್ಲ, ಲೆಕ್ಕಾಚಾರದಿಂದ ಮೂಡಿದ ಅಭಿಪ್ರಾಯ ಎಂದು ಅವನು ಸ್ಪಷ್ಟಪಡಿಸಿದ್ದ. ಆದರೂ ತಪ್ಪಿದಾಗಲೆಲ್ಲ ಜನ ನಕ್ಕರು, ಪಂಡಿತರು ಜರೆದರು. ಕಾಯಿಲೆ, ಹಣದ ಮುಗ್ಗಟ್ಟು, ಮನೋವ್ಯಥೆ ಎಲ್ಲವೂ ಸೇರಿ 1865ರ ಏಪ್ರಿಲ್ 30ರಂದು ಫಿಟ್ಸ್‌ರಾಯ್ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಮರುವರ್ಷ ಸಮಿತಿಯೊಂದು ಅವನ ವಿಧಾನಕ್ಕೆ ವಿಜ್ಞಾನದ ತಳಹದಿಯಿಲ್ಲವೆಂದಿತು, ಮುನ್ಸೂಚನೆಗಳು ನಿಂತವು. ಬಿರುಗಾಳಿ ಎಚ್ಚರಿಕೆಯೂ ನಿಂತಾಗ ದೂರು ಬಂದದ್ದು ಪಂಡಿತರಿಂದಲ್ಲ, ಸಮುದ್ರವನ್ನೇ ನಂಬಿದವರಿಂದ. 1867ರಲ್ಲಿ ಎಚ್ಚರಿಕೆ ಮರಳಿತು. ದಿನದ ಮುನ್ಸೂಚನೆ ಮರಳಲು 1879 ಬರಬೇಕಾಯಿತು. ಬ್ರಿಟಿಷ್ ನಾವಿಕರ ಮುನ್ಸೂಚನೆಯ ಒಂದು ಕಡಲ ವಲಯಕ್ಕೆ 2002ರಲ್ಲಿ ಅವನ ಹೆಸರಿಟ್ಟರು.

ತಪ್ಪಬಹುದಾದ ಮಾತೂ ಸಕಾಲಕ್ಕೆ ಬಂದರೆ ಬಡವನಿಗೆ ಆಸರೆ ಎಂಬುದನ್ನು ಆ ಬೆಸ್ತರು ತಿಳಿದಿದ್ದರು. ಆದರೆ ಮುನ್ಸೂಚನೆಯೊಂದೇ ಸಾಲದು. 2021ರ ಏಪ್ರಿಲ್ ಮೊದಲ ವಾರ ಫ್ರಾನ್ಸಿನಲ್ಲಿ ಫ್ರಾಸ್ಟ್ ಬರುವುದೆಂದು ಮೊದಲೇ ತಿಳಿದಿತ್ತು, ದ್ರಾಕ್ಷಿ ತೋಟಗಳಲ್ಲಿ ಸಾವಿರಾರು ದೀಪ ಉರಿದವು. ಆದರೂ ಬೆಳೆ ಹೋಯಿತು. ಮಾರ್ಚ್ ಕೊನೆಯ ಅಕಾಲ ಸೆಕೆಗೆ ಬಳ್ಳಿ ಬೇಗ ಚಿಗುರಿತ್ತು. ಚಳಿ ಬಂದಾಗ ಅದು ಬರಿಮೈಯಲ್ಲಿತ್ತು. ಭೂಮಿ ಬಿಸಿಯಾದರೆ ಫ್ರಾಸ್ಟಿನ ಭಯ ತಗ್ಗಬೇಕಲ್ಲವೇ ಎಂದು ಕೇಳುವವರಿಗೆ ಇದೇ ಉತ್ತರ.

ನಮ್ಮಲ್ಲಿ ಅದೇ ತಿಂಗಳುಗಳ ಬಂದು ಹೋಗುವ ಮಳೆಗೆ ಬೇರೆಯೇ ಅರ್ಥ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಅದು ಹೂಮಳೆ. ಒಂದು ಒಳ್ಳೆಯ ಮಳೆ ಬಿದ್ದ ಸುಮಾರು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಅದು ಹೂವಿನಿಂದ. ಹೂ ಅರಳಿದ ದಿನವೇ ಮತ್ತೆ ಮಳೆ ಹೊಡೆದರೆ ಫಸಲಿಗೆ ಪೆಟ್ಟು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂದ ಹಿರಿಯರೂ ನಕ್ಷತ್ರದ ಹೆಸರಿನಲ್ಲಿ ಮುನ್ಸೂಚನೆಯನ್ನೇ ಕೊಟ್ಟರು. ಫ್ರಾನ್ಸಿನ ತೋಟಗಾರರಂತೆ ಅವರೂ ಕಂಡದ್ದನ್ನು ಹೇಳಿದವರು. ಇಂದು ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಮಳೆಮಾಪಕಗಳಿವೆ. ಅವುಗಳ ಲೆಕ್ಕ ಆಯಾ ಊರಿನ ರೈತನಿಗೆ, ಅವನಿಗೆ ತಿಳಿಯುವ ಮಾತಿನಲ್ಲಿ, ಕೆಲಸ ಮಾಡಲು ಸಮಯವಿರುವಾಗಲೇ ಮುಟ್ಟುತ್ತಿದೆಯೇ ಎಂದು ಕೇಳುವುದು ನಮ್ಮ ಕೆಲಸ. ಮುನ್ಸೂಚನೆ ತಪ್ಪಿದ ದಿನ ನಗುವ ಮೊದಲು ಫಿಟ್ಸ್‌ರಾಯನನ್ನು ಒಮ್ಮೆ ನೆನೆಯೋಣ.