ಗಾಳಿ ಇಳಿದರೂ ನೀರು ಏರುತ್ತದೆ



ಚಂಡಮಾರುತವೆಂದೊಡನೆ ನಾವು ಗಾಳಿಯ ಬಿರುಸನ್ನಷ್ಟೇ ವಿಚಾರಿಸುತ್ತೇವೆ. ಅದು ಮುಂದೆ ಸಾಗುವ ವೇಗವನ್ನೂ ವಿಚಾರಿಸಬೇಕು. 1998ರ ಅಕ್ಟೋಬರ್ ಕೊನೆಯಲ್ಲಿ ‘ಮಿಚ್’ ಚಂಡಮಾರುತವು ಮಧ್ಯ ಅಮೆರಿಕದ ಹೊಂಡುರಾಸ್ ಕರಾವಳಿಯ ಬಳಿ ಸುಮಾರು ಎರಡು ದಿನ ಕದಲದೆ ನಿಂತಿತು. ಗಂಟೆಗೆ 285 ಕಿಲೋಮೀಟರ್ ಮುಟ್ಟಿದ್ದ ಗಾಳಿ ತಗ್ಗಿತು, ಮಳೆ ತಗ್ಗಲಿಲ್ಲ. ಕಡಲಿನಿಂದ ಬಂದ ತೇವವೆಲ್ಲವೂ ಬೆಟ್ಟಗಳ ಮೇಲೆ ಮಳೆಯಾಗಿ ಸುರಿಯಿತು. ಚೊಲುಟೆಕಾ ನದಿ ಉಕ್ಕಿ ರಾಜಧಾನಿ ತೆಗುಸಿಗಲ್ಪವನ್ನು ಹೊಕ್ಕಿತು. ಪಕ್ಕದ ನಿಕರಾಗುವಾದಲ್ಲಿ ಕಸೀಟಾ ಪರ್ವತದ ಇಳಿಜಾರು ಕುಸಿದು ಹಳ್ಳಿಗಳನ್ನೇ ಹೂಳಿತು. ಒಟ್ಟು 9,000ಕ್ಕೂ ಹೆಚ್ಚು ಜನ ಮಡಿದರು.

ಆದುದರಿಂದ ಗಾಳಿ ಇಳಿಯಿತೆಂದು ನದೀತೀರಕ್ಕಾಗಲಿ ತಗ್ಗುಪ್ರದೇಶಕ್ಕಾಗಲಿ ಮರಳಬೇಡಿ. ಪ್ರವಾಹದ ಮುನ್ನೆಚ್ಚರಿಕೆಯನ್ನು ಹಿಂತೆಗೆದುಕೊಂಡ ಮೇಲೆಯೇ ಮನೆ ಸೇರಿರಿ.