ಕುರಿನಾಯಿಯ ಹೆಸರೂ ಕಸಬೂ

ಗ್ರಾಮಮುಖ್ಯರೇ, ಜಮೀನುದಾರರೇ, ಕುರಿಮಂದೆಯ ಯಜಮಾನರೇ,

ಮಂದೆಗೆ ನಾಯಿಯನ್ನು ತರುವಾಗ ಜಾತಿಯ ಹೆಸರನ್ನೂ ವಂಶಾವಳಿಯ ಕಾಗದವನ್ನೂ ನೋಡಬೇಕೇ ಎಂದು ತಮ್ಮಲ್ಲಿ ಕೆಲವರು ನನ್ನನ್ನು ವಿಚಾರಿಸಿರುತ್ತೀರಿ. ಇಂಗ್ಲೆಂಡು, ಸ್ಕಾಟ್ಲೆಂಡುಗಳ ಗಡಿಸೀಮೆಯ ಕುರಿಗಾಹಿಗಳು ಈ ವಿಷಯದಲ್ಲಿ ಬಹಳ ಅನುಭವವುಳ್ಳವರು. ಆದುದರಿಂದ ಅವರ ಸಂಗತಿಯನ್ನೇ ಅರಿಕೆಮಾಡುವೆನು.

ಆ ಸೀಮೆಯ ನಾಯಿಗೆ ಬಾರ್ಡರ್ ಕಾಲೀ ಎಂಬ ಹೆಸರು ಬಂದುದು 1915ರ ಸುಮಾರಿಗೆ. ನಾಯಿಯಾದರೋ ಹೆಸರಿಗಿಂತ ಹಳೆಯದು. 1893ರಲ್ಲಿ ನಾರ್ಥಂಬರ್ಲೆಂಡಿನ ಆಡಮ್ ಟೆಲ್ಫರ್ ಎಂಬವನಲ್ಲಿ ಹೆಂಪ್ ಎಂಬ ಗಂಡುಮರಿ ಹುಟ್ಟಿತು. ಅದರ ತಂದೆ ರಾಯ್ ಸರಳ ಸ್ವಭಾವದ್ದು. ಆದರೆ ಕುರಿಯನ್ನು ದಿಟ್ಟಿಸಿ ಹತೋಟಿಯಲ್ಲಿಡುವ ಶಕ್ತಿ ಅದಕ್ಕೆ ಕಡಿಮೆ. ತಾಯಿ ಮೆಗ್‌ಗೆ ಆ ದೃಷ್ಟಿ ಅತಿಯಾಗಿದ್ದು, ದಿಟ್ಟಿಸುತ್ತ ದಿಟ್ಟಿಸುತ್ತ ತಾನೇ ಸ್ತಬ್ಧವಾಗಿ ನಿಂತುಬಿಡುತ್ತಿತ್ತಂತೆ. ಒಂದರ ಕೊರತೆಯನ್ನು ಮತ್ತೊಂದು ತುಂಬಿತು. ಹೆಂಪ್ ಬೊಗಳದೆ, ಕಚ್ಚದೆ, ಮೆಲ್ಲನೆ ನಡೆದು ಮಂದೆಯನ್ನು ತಿರುಗಿಸುತ್ತಿತ್ತು. ಕುರಿಗಾಹಿಗಳು ಅದರ ಸಂತತಿಗಾಗಿ ಮುಗಿಬಿದ್ದರು.

1906ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕುರಿನಾಯಿ ಸಂಘದವರು ವಂಶಾವಳಿಯನ್ನು ಬರೆದಿಡುತ್ತಾರೆ. ಆದರೂ ತಂದೆತಾಯಿಗಳ ಹೆಸರು ಪಟ್ಟಿಯಲ್ಲಿಲ್ಲದ ನಾಯಿಯು ಕೆಲಸದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅದನ್ನೂ ಸೇರಿಸಿಕೊಳ್ಳುವ ನಿಯಮವನ್ನು ಇಟ್ಟುಕೊಂಡಿದ್ದಾರೆ. ನನ್ನ ಎಣಿಕೆಯಲ್ಲಿ ಇದೇ ಅವರ ಜಾಣತನ. ಅದೇ ಮೂಲದ ಉದ್ದಗೂದಲಿನ ಕಾಲೀಯನ್ನು 1860ರ ಈಚೆಗೆ ಪ್ರದರ್ಶನಗಳಿಗೆಂದು ಕೂದಲು, ಮೂತಿಗಳ ಅಂದ ನೋಡಿ ಬೆಳೆಸಿದರು. ಅಂದವೇನೋ ಬಂದಿತು, ಇಂದು ಅವುಗಳಲ್ಲಿ ಕುರಿಯ ಹಿಂದೆ ಹೋಗುವವು ವಿರಳ. 1995ರಲ್ಲಿ ಅಮೆರಿಕದ ಕೆನೆಲ್ ಕ್ಲಬ್ಬು ಬಾರ್ಡರ್ ಕಾಲೀಯನ್ನು ಪ್ರದರ್ಶನದ ಜಾತಿಗಳಲ್ಲಿ ಸೇರಿಸಿದಾಗ, ಕೆಲಸದ ನಾಯಿ ಸಾಕುವವರು ಬಲವಾಗಿ ವಿರೋಧಿಸಿದ್ದು ಈ ಭಯದಿಂದಲೇ.

ಕೆಲಸವನ್ನೇ ನೋಡಿ ಆರಿಸಿದರೂ ಒಂದು ಅಪಾಯವುಂಟು. 1965ರ ಸ್ಪರ್ಧೆಯಲ್ಲಿ ಗೆದ್ದ ವಿಸ್ಟನ್ ಕ್ಯಾಪ್ ಎಂಬ ಗಂಡಿಗೆ ನೂರಾರು ಮರಿಗಳಾದವು. ಹೀಗೆ ಎಲ್ಲರೂ ಒಂದೇ ಗಂಡಿಗೆ ಬಿಟ್ಟರೆ ಮುಂದೆ ರಕ್ತಸಂಬಂಧಿಗಳೇ ಕೂಡಬೇಕಾಗುವುದು. ಈ ಜಾತಿಯಲ್ಲಿ ವಂಶಾನುಗತವಾದ ಒಂದು ಕಣ್ಣಿನ ದೋಷವಿದೆ. ತಂದೆತಾಯಿಗಳಿಬ್ಬರಲ್ಲೂ ಅದರ ಬೀಜ ಅಡಗಿದ್ದರೆ, ಅವು ನೋಡಲು ನಿರೋಗಿಗಳಾಗಿದ್ದರೂ ಮರಿಯಲ್ಲಿ ದೋಷವು ಕಾಣಿಸಿಕೊಳ್ಳಬಹುದು.

ಹಾಗಾದರೆ ಅಂಥ ನಾಯಿಯನ್ನು ತರಿಸೋಣವೇ ಎಂದು ಕೇಳಬಹುದು. ಬೇಡವೆಂದೇ ನನ್ನ ಸಲಹೆ. ಅದು ಕುರಿಯನ್ನು ಕೂಡಿಸುವ ನಾಯಿ, ತೋಳವನ್ನು ತಡೆಯುವುದಲ್ಲ. ನಮ್ಮ ಮುಧೋಳ ನಾಯಿಯೂ ಮೊಲವನ್ನು ಅಟ್ಟುವ ಬೇಟೆಯ ನಾಯಿಯೇ ಹೊರತು ಮಂದೆಯದಲ್ಲ. ತೋಳವು ಒಂದು ರಾತ್ರಿ ಹಟ್ಟಿಗೆ ಬಿದ್ದರೆ ಆಗುವ ನಷ್ಟವನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಕುರಿಗಳ ನಡುವೆ ಮಲಗಿ, ತೋಳ ಬಂದಾಗ ಎದ್ದು ನಿಲ್ಲುವ, ಕುರಿಮರಿಗೆ ಬಾಯಿ ಹಾಕದ ಹೆಣ್ಣುನಾಯಿ ತಮ್ಮ ಹಟ್ಟಿಯಲ್ಲಿದ್ದರೆ ಅದರ ಮರಿಗಳನ್ನು ಉಳಿಸಿಕೊಳ್ಳಿರಿ. ಗಂಡನ್ನು ದೂರದ ಮಂದೆಯಿಂದ, ಅದರ ಕೆಲಸವನ್ನು ಕಣ್ಣಾರೆ ಕಂಡು ತನ್ನಿರಿ. ಮರಿಗಳು ಎಳೆಯವಾಗಿರುವಾಗಲೇ ಅವುಗಳನ್ನು ಕುರಿಗಳೊಡನೆ ರೊಪ್ಪದಲ್ಲಿ ಬಿಡಿರಿ.